ಸಮಾಜವಾದಿಯೂ ಸರ್ಕಾರದ ಕಿವಿಯೂ

ಬೆಂಗಳೂರಿನ ದಕ್ಷಿಣ ದಿಕ್ಕಿನಲ್ಲಿ ಜಯನಗರವೆಂಬ ಬಡಾವಣೆಗೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಇಟ್ಟವರು ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರ್ಯರು. ಅದರ ನೆನಪಿಗೆ ನಿಲ್ಲಿಸಿದ ಅಶೋಕಸ್ತಂಭ ಇಂದಿಗೂ ಅಲ್ಲಿದೆ. ದಿನವೂ ಸಾವಿರಾರು ಜನ ಅದನ್ನು ಸುತ್ತಿಹಾಕಿಕೊಂಡು ಹೋಗುತ್ತಾರೆ. ಆ ಕಂಬ ಯಾರ ಹೆಸರನ್ನು ಹೊತ್ತಿದೆಯೋ ಆ ಚಕ್ರವರ್ತಿಗೂ ಒಂದು ಸುದ್ದಿಗಾರರ ಪಡೆಯಿತ್ತು. ತನ್ನ ಆರನೆಯ ಬಂಡೆಗಲ್ಲಿನ ಶಾಸನದಲ್ಲಿ ಅಶೋಕನು ಅವರನ್ನು ಪ್ರತಿವೇದಕರೆಂದು ಕರೆದಿದ್ದಾನೆ. ತಾನು ಊಟದಲ್ಲಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ಸಮಾಚಾರವನ್ನು ಯಾವ ಹೊತ್ತಿನಲ್ಲಾದರೂ ತಂದು ತನಗೆ ತಿಳಿಸಬೇಕೆಂಬುದು ಅವರಿಗೆ ಅವನಿತ್ತ ಅಪ್ಪಣೆ.

ಈ ಅಪ್ಪಣೆಯಲ್ಲಿ ಗಮನಿಸತಕ್ಕ ಒಂದಂಶವುಂಟು. ಅಲ್ಲಿ ಭಂಗವಾಗುವುದು ಅರಸನ ಏಕಾಂತ, ಪ್ರಜೆಯದಲ್ಲ. ಪ್ರಜೆಯ ಕೆಲಸ ನಿಲ್ಲಬಾರದೆಂದು ಅರಸನು ತನ್ನ ಊಟದ ಮನೆಯ ಬಾಗಿಲನ್ನು ತೆರೆದಿಡುತ್ತಾನೆ. ನಮ್ಮ ಕಾಲದ ರಾಜ್ಯವ್ಯವಸ್ಥೆಯಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಸರ್ಕಾರದ ಬಾಗಿಲು ಮುಚ್ಚಿದೆ. ಪ್ರಜೆಯ ಬಾಗಿಲಿಗೆ ಸರ್ಕಾರ ಕಿವಿಗೊಟ್ಟು ನಿಂತಿದೆ. ಇದು ಹೇಗಾಯಿತು, ಇದನ್ನು ತಡೆಯುತ್ತೇವೆಂದು ಹೊರಟವರು ತಡೆದರೆ, ಅಥವಾ ತಾವೂ ಅದೇ ಬಾಗಿಲಿಗೆ ಕಿವಿಗೊಟ್ಟರೆ ಎಂಬುದನ್ನು ನಮ್ಮ ಊರಿನ ಚರಿತ್ರೆಯಿಂದಲೇ ತಿಳಿಯಬಹುದು.

ರಾಜಾಜಿಯವರ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಬ್ರಿಟಿಷರ ಸೆರೆಮನೆಯನ್ನು ಕಂಡವರು ಅವರು. ಆದರೆ 1937ರಲ್ಲಿ ಮದರಾಸು ಪ್ರಾಂತದ ಪ್ರಧಾನಿಯಾದ ಕೆಲವೇ ತಿಂಗಳುಗಳಲ್ಲಿ ಅವರ ಸರ್ಕಾರ ಎಸ್. ಎಸ್. ಬಾಟ್ಲಿವಾಲಾ ಎಂಬ ಸಮಾಜವಾದಿಯ ಮೇಲೆ ಭಾಷಣಕ್ಕಾಗಿ ರಾಜದ್ರೋಹದ ಮೊಕದ್ದಮೆ ಹೂಡಿತು. ಕಾನೂನು ಬ್ರಿಟಿಷರದು, ಕೈ ಮಾತ್ರ ದೇಶೀಯರದು. ಸ್ವಾತಂತ್ರ್ಯಾನಂತರವೂ ಕಥೆ ಬದಲಾಗಲಿಲ್ಲ. 1950ರಲ್ಲಿ ಸರ್ದಾರ್ ಪಟೇಲರು ಪ್ರತಿಬಂಧಕ ಸ್ಥಾನಬದ್ಧತೆಯ ಶಾಸನವನ್ನು ತಂದರು. ಮರುವರ್ಷ ಗೃಹಮಂತ್ರಿಯಾಗಿದ್ದ ರಾಜಾಜಿ ಅದನ್ನು ಮುಂದುವರಿಸುವ ತಿದ್ದುಪಡಿಯನ್ನು ಮಂಡಿಸಿದರು. ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಅಧಿಕಾರ ಹೀಗೆ ಸ್ವತಂತ್ರ ಭಾರತದ ಸಂಸಾರದೊಳಗೆ ಸೇರಿತು. ಸೆರೆಮನೆಯಿಂದ ಬಂದವರು ಸೆರೆಮನೆಯ ಬೀಗದಕೈಯನ್ನು ಎಸೆಯಲಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮೈಸೂರು ಸಂಸ್ಥಾನವೂ ಈ ವಿದ್ಯೆಯಲ್ಲಿ ಹಿಂದುಳಿದಿರಲಿಲ್ಲ. ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ ಬಂದ ವೃತ್ತಪತ್ರಿಕಾ ಶಾಸನದಂತೆ ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ನಡೆಸುವಂತಿರಲಿಲ್ಲ. ‘ತಾತಯ್ಯ’ನವರೆಂದು ಜನ ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅನುಮತಿ ಬೇಡುವುದಕ್ಕಿಂತ ತಮ್ಮ ಪತ್ರಿಕೆಗಳನ್ನು ನಿಲ್ಲಿಸುವುದೇ ಲೇಸೆಂದು ನಿಲ್ಲಿಸಿಬಿಟ್ಟರು. ‘ಮಾದರಿ ಸಂಸ್ಥಾನ’ವೆಂಬ ಹೆಸರಿನ ಹಿಂದೆ ಇಂಥದೊಂದು ಮೌನವೂ ಇತ್ತೆಂಬುದನ್ನು ಮರೆಯಬಾರದು.

ಲೋಹಿಯಾ ಕಂಡದ್ದು

ಭಾರತದ ಸಮಾಜವಾದಿಗಳಲ್ಲಿ ಈ ವಿಷಯವನ್ನು ಬೇರುಮಟ್ಟ ಯೋಚಿಸಿದವರು ರಾಮಮನೋಹರ ಲೋಹಿಯಾ. ನಾಗರಿಕ ಹಕ್ಕುಗಳ ಸಂಘವೊಂದು ದೇಶಕ್ಕೆ ಬೇಕೆಂದು ನೆಹರೂ ಶ್ರಮಿಸುತ್ತಿದ್ದ 1936ರಲ್ಲಿಯೇ, ಲೋಹಿಯಾ ಕಾಂಗ್ರೆಸ್ಸಿನ ವಿದೇಶಾಂಗ ವಿಭಾಗದಲ್ಲಿದ್ದುಕೊಂಡು ನಾಗರಿಕ ಸ್ವಾತಂತ್ರ್ಯದ ಹೋರಾಟವನ್ನು ಕುರಿತು ಕಿರುಹೊತ್ತಗೆಯೊಂದನ್ನು ಬರೆದಿದ್ದರು. ಮುಂದೆ 1951ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ಬೆಂಬಲವಾಗಿ ಸಾಗರಕ್ಕೆ ಬಂದಾಗ ಅವರ ಬಂಧನವೂ ಆಯಿತು. ಶಾಂತವೇರಿ ಗೋಪಾಲಗೌಡರ ಮೂಲಕ ಕನ್ನಡನಾಡಿನ ಒಂದು ತಲೆಮಾರಿನ ಬರಹಗಾರರಿಗೂ ಕಾರ್ಯಕರ್ತರಿಗೂ ಲೋಹಿಯಾರ ವಿಚಾರ ಹರಿದುಬಂತು.

ಲೋಹಿಯಾ ಹೇಳಿದ ಏಳು ಕ್ರಾಂತಿಗಳ ಪಟ್ಟಿಯನ್ನು ನಮ್ಮಲ್ಲಿ ಅನೇಕರು ಬಲ್ಲರು: ಗಂಡುಹೆಣ್ಣಿನ ಸಮಾನತೆ, ಬಣ್ಣಭೇದದ ನಾಶ, ಜಾತಿಯ ನಾಶ, ಪರಕೀಯರ ಆಳ್ವಿಕೆಯ ನಾಶ, ಆರ್ಥಿಕ ಸಮಾನತೆ, ಶಸ್ತ್ರಗಳ ವಿರೋಧ. ಇವುಗಳ ಜೊತೆಗೆ ಇನ್ನೊಂದು ಉಂಟು. ಅದನ್ನು ನೆನೆಯುವವರು ಕಡಿಮೆ. ವ್ಯಕ್ತಿಯ ಖಾಸಗಿ ಬದುಕಿನೊಳಕ್ಕೆ ಸಮುದಾಯವೂ ಸರ್ಕಾರವೂ ಅನ್ಯಾಯವಾಗಿ ಕೈಚಾಚುವುದರ ವಿರುದ್ಧದ ಕ್ರಾಂತಿಯದು. ಭೂಮಿಯನ್ನೂ ಬಂಡವಾಳವನ್ನೂ ಸಮಾಜದ ವಶಕ್ಕೆ ಕೇಳುವ ಸಮಾಜವಾದಿ, ಮನುಷ್ಯನ ಅಂತರಂಗವನ್ನು ಮಾತ್ರ ಯಾರ ವಶಕ್ಕೂ ಕೊಡಲಾರೆನೆಂದು ಗೆರೆ ಎಳೆದನು. ಸಮಾನತೆಯನ್ನು ತರುವ ಸರ್ಕಾರಕ್ಕೆ ಬಲ ಬೇಕು. ಆ ಬಲಕ್ಕೆ ಕಣ್ಣು ಕಿವಿಗಳು ಮೂಡಿದರೆ ಸಮಾನತೆಯನ್ನು ಕೇಳುವ ಬಾಯಿಯೇ ಮುಚ್ಚೀತು. ಈ ಇಕ್ಕಟ್ಟು ಪುಸ್ತಕದ ಮಾತಾಗಿ ಉಳಿಯಲಿಲ್ಲ. ಬೆಂಗಳೂರಿನ ಬೀದಿಗಳಲ್ಲಿ ಅದು ಪರೀಕ್ಷೆಗೆ ಬಂತು.

ಸೆರೆಮನೆಯ ಗೋಪುರ

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಿತವಾದಾಗ, ಸಂಸತ್ತಿನ ಸಮಿತಿಯೊಂದರ ಕೆಲಸಕ್ಕಾಗಿ ಕೆಲವು ವಿರೋಧಪಕ್ಷದ ನಾಯಕರು ಬೆಂಗಳೂರಿನಲ್ಲಿದ್ದರು. ಮರುದಿನ ಬೆಳಗ್ಗೆ ವಾಜಪೇಯಿ, ಆಡ್ವಾಣಿ, ಶ್ಯಾಮನಂದನ ಮಿಶ್ರ ಹಾಗೂ ಸಮಾಜವಾದಿ ಮಧು ದಂಡವತೆ ಇವರೆಲ್ಲರೂ ಇಲ್ಲಿಯೇ ಬಂಧಿತರಾದರು. ದಂಡವತೆ ಬೆಂಗಳೂರಿನ ಜೈಲಿನಲ್ಲಿ, ಅವರ ಪತ್ನಿ ಪ್ರಮೀಳಾ ಪುಣೆಯ ಯರವಡಾ ಜೈಲಿನಲ್ಲಿ. ಗಂಡಹೆಂಡಿರ ನಡುವೆ ಉಳಿದದ್ದು ಪತ್ರವ್ಯವಹಾರವೊಂದೇ. ಕರ್ನಾಟಕದ ಉಚ್ಚ ನ್ಯಾಯಾಲಯವೂ ಸೇರಿದಂತೆ ಹಲವು ಉಚ್ಚ ನ್ಯಾಯಾಲಯಗಳು ಸ್ಥಾನಬದ್ಧರ ಅರ್ಜಿಯನ್ನು ಕೇಳಬಹುದೆಂದು ಹೇಳಿದವು. ಆದರೆ 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯ ಆ ಬಾಗಿಲನ್ನೂ ಮುಚ್ಚಿತು. ಐವರಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು.

ಅದಾದ ಮೂರನೆಯ ದಿನ, ಮೇ 1ರ ರಾತ್ರಿ, ಬೆಂಗಳೂರಿನ ಮನೆಯಿಂದ ಲಾರೆನ್ಸ್ ಫರ್ನಾಂಡಿಸರನ್ನು ಪೊಲೀಸರು ಕರೆದೊಯ್ದರು. ಭೂಗತರಾಗಿದ್ದ ಸಮಾಜವಾದಿ ಮುಖಂಡ ಜಾರ್ಜ್ ಫರ್ನಾಂಡಿಸರ ತಮ್ಮನೆಂಬುದೇ ಅವರ ಮೇಲಿದ್ದ ಆರೋಪ. ಅಣ್ಣ ಎಲ್ಲಿದ್ದಾನೆ ಎಂಬ ಒಂದೇ ಪ್ರಶ್ನೆಗೆ ಉತ್ತರ ಬೇಕಾಗಿತ್ತು. ಅದಕ್ಕಾಗಿ ಅವರನ್ನು ಹಿಂಸಿಸಿದ ರೀತಿಯಿಂದ ಅವರ ದೇಹ ಜರ್ಜರಿತವಾಯಿತು; ದಿನಗಟ್ಟಲೆ ಅವರ ಬಂಧನವನ್ನು ದಾಖಲೆಗೂ ತರಲಿಲ್ಲ. ತಾಯಿ ಅಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗೆ ಪತ್ರ ಬರೆದು ಮಗನ ಸ್ಥಿತಿಯನ್ನು ತೋಡಿಕೊಂಡರು. ಇನ್ನೊಬ್ಬ ಸೋದರ ಮೈಕೇಲ್ ಫರ್ನಾಂಡಿಸ್ ಬೆಂಗಳೂರಿನ ಭಾರತೀಯ ದೂರವಾಣಿ ಕಾರ್ಖಾನೆಯ ಕಾರ್ಮಿಕ ಮುಖಂಡರು. ಅವರು ಆ ವೇಳೆಗಾಗಲೇ ಸೆರೆಯಲ್ಲಿದ್ದರು. ದೇಶಕ್ಕೆ ದೂರವಾಣಿ ಮಾಡಿಕೊಡುವ ಕೈಗಳ ಮುಖಂಡನಿಗೆ ಮಾತಾಡುವ ಸ್ವಾತಂತ್ರ್ಯವಿಲ್ಲ: ಆ ಕಾಲದ ವಿಪರ್ಯಾಸಗಳಲ್ಲಿ ಇದೂ ಒಂದು.

ಮೇ 2ರಂದು ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ಅನಂತಮೂರ್ತಿಯವರ ಕಾದಂಬರಿಯನ್ನಾಧರಿಸಿದ ‘ಸಂಸ್ಕಾರ’ ಚಿತ್ರದ ಚಂದ್ರಿ ಅವರು. ಲೋಹಿಯಾವಾದಿ ಬಳಗದ ಗೆಳತಿ. ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಹಿಡಿದರಾದರೂ ಕೊನೆಗೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆದರೂ ‘ಮೀಸಾ’ ಶಾಸನದಡಿಯಲ್ಲಿ ಬಿಡುಗಡೆಯಿರಲಿಲ್ಲ. ಉಬ್ಬಸದ ರೋಗಿಯಾದ ಅವರು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಎಂಟು ತಿಂಗಳು ಕಳೆದರು. 1977ರ ಜನವರಿ 15ರಂದು ಹೊರಬಿಟ್ಟರು, 20ರಂದು ತೀರಿಕೊಂಡರು.

ಇಲ್ಲೊಂದು ಕಷ್ಟದ ಪ್ರಶ್ನೆಯುಂಟು. ಆಗ ಕರ್ನಾಟಕದ ಮುಖ್ಯಮಂತ್ರಿ ದೇವರಾಜ ಅರಸು. ಉಳುವವನಿಗೆ ನೆಲ ಕೊಡುವ 1974ರ ತಿದ್ದುಪಡಿ ಅವರ ಸರ್ಕಾರದ್ದು. ಕಾಗೋಡಿನಲ್ಲಿ ಸಮಾಜವಾದಿಗಳು ಕೇಳಿದ್ದನ್ನು ಆ ಸರ್ಕಾರ ಮಾಡುತ್ತಿತ್ತು. ಅದೇ ಸರ್ಕಾರದ ಪೊಲೀಸರು, ಅದೇ ಸರ್ಕಾರದ ಜೈಲಿನಲ್ಲಿ, ಸಮಾಜವಾದಿಗಳನ್ನು ಮುರಿಯುತ್ತಲೂ ಇದ್ದರು. ಗೇಣಿದಾರನಿಗೆ ಹೊಲ ಸಿಕ್ಕಿತಲ್ಲ, ನಾಲ್ಕು ಜನ ಬುದ್ಧಿಜೀವಿಗಳ ನಾಲಗೆಗೆ ಬೀಗ ಬಿದ್ದರೇನು ಎಂದು ಕೇಳಿದವರು ಆಗಲೂ ಇದ್ದರು. ಈ ಮಾತನ್ನು ಹಗುರಾಗಿ ತಳ್ಳಿಹಾಕಲಾಗದು. ಹೊಟ್ಟೆಗಿಲ್ಲದವನಿಗೆ ಹೊಲವೇ ದೊಡ್ಡದು. ಆದರೆ ಕೊಟ್ಟ ಹೊಲವನ್ನು ನಾಳೆ ಸರ್ಕಾರವೇ ಕಾರ್ಖಾನೆಗೆಂದೋ ಬಡಾವಣೆಗೆಂದೋ ಕೇಳಿದಾಗ ಕೊಡಲಾರೆನೆಂದು ಕೂಗಲು ಆ ರೈತನಿಗೆ ಸಭೆ ಬೇಕು, ಪತ್ರಿಕೆ ಬೇಕು, ವಕೀಲ ಬೇಕು. ನೆಲದ ಹಕ್ಕು ಮಾತಿನ ಹಕ್ಕಿನ ಆಸರೆಯಲ್ಲಿ ನಿಂತಿದೆಯೆಂಬುದು ಕನ್ನಡನಾಡಿನ ರೈತ ಚಳವಳಿಗೆ ಮುಂದಿನ ದಶಕಗಳಲ್ಲಿ ಅನುಭವದಿಂದಲೇ ಮನದಟ್ಟಾಯಿತು.

ಆ ಹಳೆಯ ಜೈಲು ಇಂದು ಫ್ರೀಡಂ ಪಾರ್ಕ್ ಎಂಬ ಉದ್ಯಾನವಾಗಿದೆ. ನಡುವೆ ಕಾವಲು ಗೋಪುರವನ್ನು ಹಾಗೆಯೇ ಉಳಿಸಿದ್ದಾರೆ. 2021ರ ಆದೇಶವೊಂದರಂತೆ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಅವಕಾಶವಿರುವುದು ಅಲ್ಲಿ ಮಾತ್ರ. ಜಯನಗರದವನಿಗಾಗಲಿ ಬನಶಂಕರಿಯವನಿಗಾಗಲಿ ಸರ್ಕಾರದ ಮೇಲೆ ಮುನಿಸು ಬಂದರೆ ಹಳೆಯ ಸೆರೆಮನೆಯ ಗೋಪುರದ ಕೆಳಗೆ ಹೋಗಿ ತೋರಿಸಿಕೊಳ್ಳಬೇಕು.

ಕದ್ದಾಲಿಕೆಯ ಸರದಿ

1977ರಲ್ಲಿ ಜನತಾ ಸರ್ಕಾರ ಬಂತು. ಡೈನಮೈಟ್ ಮೊಕದ್ದಮೆ ವಾಪಸಾಯಿತು. ಷಾ ಆಯೋಗ ಎಣಿಸಿ ಹೇಳಿದ ಪ್ರಕಾರ ತುರ್ತುಪರಿಸ್ಥಿತಿಯಲ್ಲಿ ಮೀಸಾ ಅಡಿಯಲ್ಲಿ 34,988 ಮಂದಿಯೂ ಭಾರತ ರಕ್ಷಣಾ ನಿಯಮಗಳಡಿಯಲ್ಲಿ 75,818 ಮಂದಿಯೂ ಸೆರೆಯಾಗಿದ್ದರು. 1978ರಲ್ಲಿ ಮೀಸಾ ರದ್ದಾಯಿತು. ಜೀವದ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲಿಯೂ ಅಮಾನತುಗೊಳಿಸಬಾರದೆಂದು ಸಂವಿಧಾನಕ್ಕೆ 44ನೆಯ ತಿದ್ದುಪಡಿ ಬಂತು. ಇವು ಸಣ್ಣ ಸಾಧನೆಗಳಲ್ಲ. ಆದರೆ ಒಂದು ಹಳೆಯ ಕಾಯಿದೆಯನ್ನು ಯಾರೂ ಮುಟ್ಟಲಿಲ್ಲ. ಅದು 1885ರ ಟೆಲಿಗ್ರಾಫ್ ಕಾಯಿದೆ. ತಂತಿಯಲ್ಲಿ ಹೋಗುವ ಮಾತನ್ನು ಸಾರ್ವಜನಿಕ ಸುರಕ್ಷತೆಯ ಹೆಸರಿನಲ್ಲಿ ತಡೆದು ಕೇಳುವ ಅಧಿಕಾರ ಅದರ ಐದನೆಯ ಪ್ರಕರಣದಲ್ಲಿ ಕ್ಷೇಮವಾಗಿ ಕುಳಿತಿತ್ತು.

ಅದರ ಫಲ ಹತ್ತು ವರ್ಷಗಳಲ್ಲಿ ಬೆಂಗಳೂರಿನಲ್ಲಿಯೇ ಕಾಣಿಸಿತು. 1983ರಲ್ಲಿ ಅಧಿಕಾರಕ್ಕೆ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ. ಹೆಗಡೆ ತುರ್ತುಪರಿಸ್ಥಿತಿಯ ಬಂದಿ. ಸಂಪುಟದಲ್ಲಿದ್ದ ಸಮಾಜವಾದಿ ಜೆ. ಎಚ್. ಪಟೇಲರೂ ಹಾಗೆಯೇ. ಅಬ್ದುಲ್ ನಜೀರ್ ಸಾಬರ ಕೈಯಲ್ಲಿ ಪಂಚಾಯತಿಗಳಿಗೆ ಜೀವ ಬಂತು. ಅಧಿಕಾರಸ್ಥರ ಮೇಲೆ ಕಣ್ಣಿಡುವ ಲೋಕಾಯುಕ್ತ ಸಂಸ್ಥೆ ಹುಟ್ಟಿತು. ಇಂಥ ಸರ್ಕಾರದಲ್ಲಿಯೇ ಪತ್ರಕರ್ತರ ಮತ್ತು ಭಿನ್ನಮತೀಯರ ದೂರವಾಣಿಗಳನ್ನು ಕದ್ದು ಕೇಳಲಾಗಿತ್ತೆಂಬ ವಿಷಯ ಹೊರಬಂತು. ಅಜಿತ್ ಸಿಂಗ್ ಮತ್ತು ಎಚ್. ಡಿ. ದೇವೇಗೌಡರ ನಡುವೆ ನಡೆದದ್ದೆನ್ನಲಾದ ಮಾತುಕತೆ ಪತ್ರಿಕೆಯ ಪಾಲಾಗಿತ್ತು. 1988ರ ಆಗಸ್ಟ್ 10ರಂದು ಹೆಗಡೆ ನೈತಿಕ ಹೊಣೆ ಹೊತ್ತು ರಾಜೀನಾಮೆಯಿತ್ತರು. ರಾಜೀನಾಮೆ ಗೌರವದ್ದೇ. ಆದರೆ ಹೋದದ್ದು ಮುಖ್ಯಮಂತ್ರಿ. ಕಾಯಿದೆ ಹೋಗಲಿಲ್ಲ, ಕೇಳುವ ಯಂತ್ರವೂ ಹೋಗಲಿಲ್ಲ.

ಈ ಪ್ರಕರಣಕ್ಕೆ ಮುಂದುವರಿದ ಅಧ್ಯಾಯಗಳುಂಟು. ಜಯಪ್ರಕಾಶ ನಾರಾಯಣರು 1976ರಲ್ಲಿ ಕಟ್ಟಿದ ನಾಗರಿಕ ಹಕ್ಕುಗಳ ಸಂಘಟನೆ, ಪಿ.ಯು.ಸಿ.ಎಲ್., ದೂರವಾಣಿ ಕದ್ದಾಲಿಕೆಯ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ತೀರ್ಪು ಬಂದದ್ದು 1996ರ ಡಿಸೆಂಬರ್ 18ರಂದು. ಆಗ ದೇಶದ ಪ್ರಧಾನಿ ಬೇರೆ ಯಾರೂ ಅಲ್ಲ, ದಕ್ಷಿಣ ಬೆಂಗಳೂರಿನ ಪದ್ಮನಾಭನಗರದ ನಿವಾಸಿ ದೇವೇಗೌಡರು. ಗೃಹ ಕಾರ್ಯದರ್ಶಿಯ ಆದೇಶವಿರಬೇಕು, ಆದೇಶಕ್ಕೆ ಎರಡು ತಿಂಗಳ ಅವಧಿ, ಏನೇ ಆದರೂ ಆರು ತಿಂಗಳು ಮೀರಬಾರದು, ಸಮಿತಿಯೊಂದು ಪರಿಶೀಲಿಸಬೇಕು ಎಂದು ನ್ಯಾಯಾಲಯ ಕಟ್ಟುಪಾಡು ಹಾಕಿತು. ಆದರೆ ಆದೇಶ ಕೊಡುವವರೂ ಅಧಿಕಾರಿಗಳೇ, ಪರಿಶೀಲಿಸುವವರೂ ಅಧಿಕಾರಿಗಳೇ. ಬೇಲಿಯ ಮೇಲೆ ಕಣ್ಣಿಡಲು ಇನ್ನೊಂದು ಬೇಲಿಯನ್ನೇ ನೇಮಿಸಿದಂತಾಯಿತು.

2019ರಲ್ಲಿ, ಎಚ್. ಡಿ. ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರದ ಕಾಲದಲ್ಲಿ ಕದ್ದಾಲಿಕೆ ನಡೆಯಿತೆಂಬ ದೂರು ಬಂದು, ಯಡಿಯೂರಪ್ಪನವರ ಸರ್ಕಾರ ತನಿಖೆಯನ್ನು ಸಿ.ಬಿ.ಐ.ಗೆ ಒಪ್ಪಿಸಿತು, ಕುಮಾರಸ್ವಾಮಿ ಆರೋಪವನ್ನು ಅಲ್ಲಗಳೆದರು. 2021ರಲ್ಲಿ ಪೆಗಾಸಸ್ ಎಂಬ ಇಸ್ರೇಲಿ ಬೇಹು ತಂತ್ರಾಂಶದ ವರದಿಗಳು ಬಂದಾಗ, ಗುರಿಯಾಗಿರಬಹುದಾದವರ ಪಟ್ಟಿಯಲ್ಲಿ ಅದೇ ಸಮ್ಮಿಶ್ರ ಸರ್ಕಾರದ ಉಪಮುಖ್ಯಮಂತ್ರಿ ಜಿ. ಪರಮೇಶ್ವರರ ಸಂಖ್ಯೆಯೂ, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳೂ ಇದ್ದವೆಂದು ಪ್ರಕಟವಾಯಿತು. ಸರ್ವೋಚ್ಚ ನ್ಯಾಯಾಲಯದ ಸಮಿತಿ 29 ಫೋನುಗಳನ್ನು ಪರೀಕ್ಷಿಸಿ ಐದರಲ್ಲಿ ದುಷ್ಟ ತಂತ್ರಾಂಶವನ್ನು ಕಂಡಿತು. ಅದು ಪೆಗಾಸಸ್ಸೇ ಎಂದು ಹೇಳಲಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲವೆಂಬುದನ್ನೂ ನ್ಯಾಯಾಲಯದ ಮುಂದೆ ಅದು ತಿಳಿಸಿತು. ಇಂದು ಕೇಳುವವನು ನಾಳೆ ಕೇಳಿಸಿಕೊಳ್ಳುವವನಾಗುವ ಈ ಆಟದಲ್ಲಿ ಪಕ್ಷಗಳು ಸರದಿಯ ಮೇಲೆ ಬದಲಾಗುತ್ತವೆ. ಕಿವಿ ಮಾತ್ರ ಬದಲಾಗುವುದಿಲ್ಲ.

ಬೆರಳಿನ ಗುರುತು

ದೂರವಾಣಿ ಉಳ್ಳವರ ಮಾತಾಯಿತು. ಬಡವನಿಗೇನು ಮುಚ್ಚುಮರೆ ಎಂಬ ಪ್ರಶ್ನೆಗೂ ದಕ್ಷಿಣ ಬೆಂಗಳೂರಿನಲ್ಲಿಯೇ ಉತ್ತರ ಹುಡುಕಬಹುದು. 2009ರಲ್ಲಿ ಸ್ಥಾಪಿತವಾದ ವಿಶಿಷ್ಟ ಗುರುತಿನ ಪ್ರಾಧಿಕಾರದ ಅಧ್ಯಕ್ಷರಾಗಿದ್ದ ನಂದನ್ ನಿಲೇಕಣಿ 2014ರಲ್ಲಿ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಿಂದ ಸ್ಪರ್ಧಿಸಿ, ಅನಂತಕುಮಾರರೆದುರು ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ಜಯನಗರ, ಬಸವನಗುಡಿ, ಬಿ.ಟಿ.ಎಂ. ಬಡಾವಣೆ ಎಲ್ಲವೂ ಆ ಕ್ಷೇತ್ರಕ್ಕೆ ಸೇರಿದವು. ಚುನಾವಣೆಯ ಮುನ್ನ ಆಧಾರ್ ಯೋಜನೆಯನ್ನು ಹಳಿಯುತ್ತಿದ್ದ ಪಕ್ಷ ಗೆದ್ದ ಮೇಲೆ ಅದನ್ನೇ ಬೆಳೆಸಿತು. 2016ರಲ್ಲಿ ಹಣಕಾಸಿನ ಮಸೂದೆಯ ರೂಪದಲ್ಲಿ ಅದಕ್ಕೆ ಕಾನೂನು ತಂದಿತು. ಹೆಗಡೆಯವರ ಕಾಲದ ಪಾಠವೇ ಮತ್ತೊಮ್ಮೆ ನಡೆಯಿತು.

ಅದೇ ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, ಎಂಬತ್ತರ ಗಡಿ ದಾಟಿದ ಮೇಲೆ, 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರ ವಾದಿಸಿತು. ಅದಕ್ಕೆ 1954ರ ಮತ್ತು 1962ರ ಹಳೆಯ ತೀರ್ಪುಗಳ ಆಸರೆ ಹಿಡಿಯಿತು. ಎರಡನೆಯದು ಖರಕ್ ಸಿಂಗನೆಂಬವನದು. ರಾತ್ರಿ ವೇಳೆ ಮನೆಗೆ ಬಂದು ಬಾಗಿಲು ತಟ್ಟುವ ಪೊಲೀಸರ ವಿರುದ್ಧ ದೂರಿದವನು ಅವನು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದರು. ಬಡವರಿಗೆ ಅನ್ನ ಸಾಕು, ಹಕ್ಕು ಬೇಡ ಎಂಬ ವಾದವನ್ನೂ ಆ ತೀರ್ಪು ತಿರಸ್ಕರಿಸಿತು. ಮರುವರ್ಷದ ಸೆಪ್ಟೆಂಬರ್ 26ರಂದು ಆಧಾರ್ ಕಾಯಿದೆಯನ್ನು ನಾಲ್ಕಕ್ಕೆ ಒಂದರ ಬಹುಮತದಿಂದ ಎತ್ತಿಹಿಡಿದರೂ, ಖಾಸಗಿ ಕಂಪನಿಗಳು ಅದನ್ನು ಕೇಳುವ ಅಧಿಕಾರವನ್ನು ನ್ಯಾಯಾಲಯ ತೆಗೆದುಹಾಕಿತು. ಪುಟ್ಟಸ್ವಾಮಿ 2024ರಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಲೋಹಿಯಾರ ಏಳು ಕ್ರಾಂತಿಗಳಲ್ಲಿ ಜನ ಮರೆತಿದ್ದ ಒಂದು ಹೀಗೆ ಸಮಾಜವಾದಿಗಳ ಸಭೆಯಿಂದಲ್ಲ, ಒಬ್ಬ ವೃದ್ಧ ನ್ಯಾಯಾಧೀಶರ ಅರ್ಜಿಯಿಂದ ಸಂವಿಧಾನದ ಮಾತಾಯಿತು. ಇದು ಸಮಾಜವಾದಿಗಳು ಸ್ವಲ್ಪ ನಾಚಬೇಕಾದ ಸಂಗತಿ. ಏಕೆಂದರೆ ಬೆರಳಿನ ಗುರುತಿನ ಭಾರ ಬೀಳುವುದು ಯಾರ ಮೇಲೆ? ಗಾರೆ ಕಲಸಿ, ಇಟ್ಟಿಗೆ ಹೊತ್ತು ಬೆರಳ ಗೆರೆ ಸವೆದವನು ನ್ಯಾಯಬೆಲೆ ಅಂಗಡಿಯ ಯಂತ್ರದೆದುರು ತಾನು ತಾನೇ ಎಂದು ರುಜುವಾತು ಮಾಡಲಾರದೆ ನಿಲ್ಲುತ್ತಾನೆ. ಸರ್ಕಾರ ಅವನನ್ನು ನೋಡುತ್ತದೆ, ಆದರೆ ಗುರುತಿಸುವುದಿಲ್ಲ.

ಯಾರ ಭದ್ರತೆ?

ಇಷ್ಟು ಹೇಳಿದ ಮೇಲೆ ಎದುರುಪಕ್ಷದ ಮಾತನ್ನೂ ನ್ಯಾಯವಾಗಿ ಕೇಳಬೇಕು. 2008ರ ಜುಲೈ 25ರಂದು ಬೆಂಗಳೂರಿನ ಹಲವೆಡೆ ಸರಣಿ ಸ್ಫೋಟಗಳಾದಾಗ ಮಡಿವಾಳದ ಬಸ್ ತಂಗುದಾಣದಲ್ಲಿ ನಿಂತಿದ್ದ ಹೆಂಗಸೊಬ್ಬಳು ಸತ್ತಳು. ಬಸ್ಸಿಗಾಗಿ ನಿಲ್ಲುವವರು ಶ್ರೀಮಂತರಲ್ಲ. ಭದ್ರತೆಯೆಂಬುದು ಉಳ್ಳವರ ಸ್ವತ್ತು ಮಾತ್ರವೆಂದು ಹೇಳುವ ಸಮಾಜವಾದಿ, ಸಿದ್ಧಉಡುಪಿನ ಕಾರ್ಖಾನೆಯಿಂದ ಕತ್ತಲಲ್ಲಿ ಮನೆಗೆ ನಡೆಯುವ ಹೆಣ್ಣುಮಗಳ ಭಯವನ್ನು ಅರಿಯದವನು. ಮಹಿಳೆಯರ ಸುರಕ್ಷತೆಗೆಂದೇ ನಿರ್ಭಯಾ ನಿಧಿಯಿಂದ ಎಂಟು ನಗರಗಳಿಗೆ ಸೇಫ್ ಸಿಟಿ ಯೋಜನೆ ಮಂಜೂರಾಯಿತು. ಬೆಂಗಳೂರಿನ ಪಾಲು 667 ಕೋಟಿ ರೂಪಾಯಿ. ಏಳು ಸಾವಿರಕ್ಕೂ ಮೀರಿ ಕ್ಯಾಮೆರಾಗಳು ಬಂದವು. 2017ರ ಸಾರ್ವಜನಿಕ ಸುರಕ್ಷತಾ ಕಾಯಿದೆಯಂತೆ ಜನ ಸೇರುವ ಅಂಗಡಿ, ಆಸ್ಪತ್ರೆ, ಛತ್ರಗಳೂ ಕ್ಯಾಮೆರಾ ಇಟ್ಟು 30 ದಿನಗಳ ಚಿತ್ರಗಳನ್ನು ಕಾಪಾಡಬೇಕು.

ಖಾಸಗಿತನದ ತೀರ್ಪು ಬಂದ ಹನ್ನೆರಡನೆಯ ದಿನ, 2017ರ ಸೆಪ್ಟೆಂಬರ್ 5ರಂದು, ರಾಜರಾಜೇಶ್ವರಿನಗರದ ತಮ್ಮ ಮನೆಯ ಬಾಗಿಲಲ್ಲೇ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಅವರ ಮನೆಯ ಕ್ಯಾಮೆರಾ ಕೊಲೆಗಾರನ ಆಕೃತಿಯನ್ನು ಹಿಡಿದಿಟ್ಟಿತ್ತು. ತನಿಖೆಗೆ ಅದು ನೆರವೂ ಆಯಿತು. ಆದರೆ ಕೊಲೆಯನ್ನು ತಡೆಯಲಿಲ್ಲ. ಯಂತ್ರ ಸಾಕ್ಷಿ ಹೇಳಬಲ್ಲುದು, ಕಾಯಲಾರದು. ಕಾಯುವುದು ಬೀದಿಯ ದೀಪ, ಹೊತ್ತಿಗೆ ಬರುವ ಬಸ್ಸು, ದೂರು ಕೊಟ್ಟರೆ ಬರೆದುಕೊಳ್ಳುವ ಠಾಣೆ, ಕೂಗಿದರೆ ಬಾಗಿಲು ತೆರೆಯುವ ನೆರೆಮನೆ. ಇವುಗಳಿಗೆ ಹಣವಿಲ್ಲವೆನ್ನುವ ಸರ್ಕಾರ ಕಣ್ಗಾವಲಿಗೆ ಹಣ ಹುಡುಕಿದಾಗ, ಅದು ಯಾರ ಭದ್ರತೆಯೆಂದು ಕೇಳುವುದು ತಪ್ಪಲ್ಲ.

1885ರ ಟೆಲಿಗ್ರಾಫ್ ಕಾಯಿದೆಯ ಸ್ಥಾನಕ್ಕೆ 2023ರಲ್ಲಿ ಹೊಸ ದೂರಸಂಪರ್ಕ ಕಾಯಿದೆ ಬಂತು. ಕದ್ದಾಲಿಕೆಯ ಹಳೆಯ ಅಧಿಕಾರ ಹೊಸ ಕಾಯಿದೆಯ ಇಪ್ಪತ್ತನೆಯ ಪ್ರಕರಣವಾಗಿ ಉಳಿದುಕೊಂಡಿತು. ಅದು ಜಾರಿಗೆ ಬಂದ ದಿನ 2024ರ ಜೂನ್ 26. ಬೆಂಗಳೂರಿನಲ್ಲಿ ದಂಡವತೆಯವರು ಬಂಧಿತರಾದ ದಿನಕ್ಕೆ ಸರಿಯಾಗಿ 49 ವರ್ಷ. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಅದೇ 2023ರಲ್ಲಿ ಬಂದ ಕಾಯಿದೆಯೂ ಸರ್ಕಾರ ಹೆಸರಿಸುವ ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ಕೊಡುತ್ತದೆ.

ಸಮಾಜವಾದಿಗಳು ಈ ಚರಿತ್ರೆಯಿಂದ ಕಲಿಯಬೇಕಾದದ್ದು ಸರಳ. ಒಳ್ಳೆಯವರ ಕೈಗೆ ಬಂದರೆ ಕೆಟ್ಟ ಅಧಿಕಾರವೂ ಒಳ್ಳೆಯದಾದೀತೆಂಬ ನಂಬಿಕೆಗೆ ಬೆಂಗಳೂರಿನಲ್ಲಿ ಆಧಾರ ಸಿಗುವುದಿಲ್ಲ. ಕೇಳುವ ಮುನ್ನ ನ್ಯಾಯಾಧೀಶನ ಅಪ್ಪಣೆ, ವರ್ಷಕ್ಕೊಮ್ಮೆ ಶಾಸನಸಭೆಗೆ ಲೆಕ್ಕ, ಕೇಳಿ ಮುಗಿದ ಮೇಲೆ ಕೇಳಿಸಿಕೊಂಡವನಿಗೆ ತಿಳಿವಳಿಕೆ: ಈ ಮೂರನ್ನು ಕಾನೂನಿನಲ್ಲಿ ಬರೆಯುವುದು ಅಸಾಧ್ಯವಲ್ಲ. ವಿರೋಧಪಕ್ಷದಲ್ಲಿದ್ದಾಗ ಎಲ್ಲರೂ ಇದನ್ನು ಒಪ್ಪುತ್ತಾರೆ. ಮತ ಕೇಳಲು ಬರುವವರನ್ನು ನಮ್ಮ ಬಡಾವಣೆಗಳ ಜನ ರಸ್ತೆ, ನೀರು, ಚರಂಡಿಗಳ ಬಗ್ಗೆ ಕೇಳುವಂತೆ ಇದನ್ನೂ ಕೇಳಬೇಕು. ಗೆದ್ದ ಮರುದಿನ ಸಹಿ ಹಾಕುವಿರಾ ಎಂದು ಕೇಳಬೇಕು.